ಉಳಿದ ನಲವತ್ತೊಂಬತ್ತು ಮೀಟರ್

ಆ ಸಾಲನ್ನು ಓದಿದ್ದು ರಾತ್ರಿ ಹನ್ನೊಂದರ ಮೇಲೆ, ಹಾಸಿಗೆಯಲ್ಲಿ ಬಿದ್ದುಕೊಂಡು, ಫೋನಿನಲ್ಲಿ. "50 ಮೀಟರ್ ಉದ್ದಕ್ಕೆ ಟನ್ನಿಗೆ 3 ಗ್ರಾಂ ಚಿನ್ನ, ಅದರಲ್ಲಿ 1 ಮೀಟರ್ ಟನ್ನಿಗೆ 140 ಗ್ರಾಂ." ಕೆನಡಾದ ಶೇರುಪೇಟೆಯಲ್ಲಿದ್ದ, ಚಿನ್ನ ಹುಡುಕುವುದನ್ನು ಬಿಟ್ಟು ಬೇರೆ ಕಸುಬಿಲ್ಲದ ಒಂದು ಪುಟ್ಟ ಕಂಪನಿ ನೆಲಕ್ಕೆ ತೂತು ಕೊರೆದು ನೋಡಿದ ಫಲಿತಾಂಶದ ಪ್ರಕಟಣೆ. ಟನ್ನಿಗೆ ಒಂದು ಗ್ರಾಂ ಆಸುಪಾಸಿನ ಅದಿರಿನಲ್ಲೇ ದೊಡ್ಡ ದೊಡ್ಡ ತೆರೆದ ಗಣಿಗಳು ಲಾಭ ಮಾಡುತ್ತವೆ ಅನ್ನುವಷ್ಟು ಅರ್ಧ ಜ್ಞಾನ ಆಗಲೇ ನನ್ನ ತಲೆಯಲ್ಲಿತ್ತು. ಹಾಗಿದ್ದ ಮೇಲೆ 50 ಮೀಟರ್ ದಪ್ಪಕ್ಕೆ ಮೂರು ಗ್ರಾಂ ಅಂದರೆ! ನಿದ್ದೆ ಬರಲಿಲ್ಲ. ಮಾರನೆಯ ದಿನ ಪೇಟೆ ತೆರೆದ ಹತ್ತು ನಿಮಿಷದೊಳಗೆ ಕೊಂಡಿದ್ದೆ. ಅಷ್ಟರಲ್ಲಿ ಶೇರು ಹಿಂದಿನ ದಿನಕ್ಕಿಂತ ಶೇಕಡಾ ನಲವತ್ತು ಮೇಲಿತ್ತು. ತಡ ಮಾಡಿದೆನಲ್ಲ ಎಂಬ ಹಳಹಳಿಯೇ ಹೊರತು ಬೇರೆ ಯಾವ ಯೋಚನೆಯೂ ಬರಲಿಲ್ಲ.

ಲೆಕ್ಕ ಮಾಡಿದ್ದು ಎರಡು ತಿಂಗಳಾದ ಮೇಲೆ. ನನ್ನ ಗೆಳೆಯನೊಬ್ಬ ಭೂವಿಜ್ಞಾನಿ, ಡ್ರಿಲ್ ಮಾಡಿ ತೆಗೆದ ಕಲ್ಲಿನ ಕೋರ್‌ಗಳನ್ನು ಪೆಟ್ಟಿಗೆಗಟ್ಟಲೆ ನೋಡಿ ನೋಡಿ ಬೆನ್ನು ನೋವು ತಂದುಕೊಂಡವನು. ಅವನಿಗೆ ಹೆಮ್ಮೆಯಿಂದ ಆ ಪ್ರಕಟಣೆ ತೋರಿಸಿದೆ. ಅವನು ಪೆನ್ನು ಕೇಳಿದ. ಕೈಗೆ ಸಿಕ್ಕ ಲಕೋಟೆಯ ಹಿಂದೆ ಬರೆದ: ಐವತ್ತು ಮೂರಲಿ ನೂರೈವತ್ತು. ಒಂದು ನೂರನಲವತ್ತಲಿ ನೂರನಲವತ್ತು. ಕಳೆದರೆ ಹತ್ತು. ಆ ಹತ್ತನ್ನು ಉಳಿದ ನಲವತ್ತೊಂಬತ್ತು ಮೀಟರಿಗೆ ಹಂಚು.

0.2 ಗ್ರಾಂ.

"ಹಾಗಾದ್ರೆ ಸುಳ್ಳು ಬರ್ದಿದಾರಾ?" ಅಂದೆ.

"ಒಂದಕ್ಷರನೂ ಸುಳ್ಳಿಲ್ಲ ಮಾರಾಯ. ನೀನು ಕೊಂಡಿರೋದು ಒಂದು ಮೀಟರ್. ಉಳಿದ ನಲವತ್ತೊಂಬತ್ತು ಬರೀ ಕಲ್ಲು. ಸರಾಸರಿ ತೆಗೆದು ಹರಡಿದಾರೆ ಅಷ್ಟೆ." ಆಮೇಲೆ ಸುಮ್ಮನಿರದೆ, "ಆ ಒಂದು ಮೀಟರ್ ಕೂಡ ಡ್ರಿಲ್ ಹೋದ ಓರೆಯಲ್ಲಿ ಒಂದು ಮೀಟರ್. ಚಿನ್ನದ ಎಳೆಯ ನಿಜವಾದ ದಪ್ಪ ಎಷ್ಟಂತೆ?" ಎಂದು ಕೇಳಿದ. ಪ್ರಕಟಣೆಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಅದೂ ಇತ್ತು: ನಿಜವಾದ ದಪ್ಪ ಇನ್ನೂ ಗೊತ್ತಾಗಿಲ್ಲ. ಎಳೆಗೆ ಅಡ್ಡಲಾಗಿ ಕೊರೆಯುವ ಬದಲು ಅದರ ಉದ್ದಕ್ಕೇ ಕೊರೆದರೆ ಬೆರಳು ದಪ್ಪದ ಎಳೆಯೂ ಹತ್ತಾರು ಮೀಟರ್ ಕಾಣುತ್ತದೆ.

ನಾನು ಕಳೆದುಕೊಂಡ ಹಣದ ಕಥೆ ಹೇಳುವುದಕ್ಕಿಂತ ಈ ಲೆಕ್ಕಗಳನ್ನು ಹೇಳುವುದೇ ನನಗೀಗ ಇಷ್ಟ. ಕಾರಣ, ಚಿನ್ನ ಹುಡುಕುವ ಶೇರುಗಳಲ್ಲಿ ಹಣ ಹೋಗುವುದು ಮೋಸದಿಂದ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ನನ್ನ ಅನುಭವದಲ್ಲಿ ಅದು ಹೋಗುವುದು ಗುಣಾಕಾರ ಭಾಗಾಕಾರದಿಂದ, ಅದೂ ಎಲ್ಲರಿಗೂ ಕಾಣುವಂತೆ ಬರೆದಿಟ್ಟ ಅಂಕಿಗಳಿಂದ.

ನೆಲದೊಳಗಿನ ಲೆಕ್ಕದಿಂದ ಶುರು ಮಾಡೋಣ. ಸಾಮಾನ್ಯವಾಗಿ ಬಳಸುವ ಎನ್‌ಕ್ಯೂ ಗಾತ್ರದ ಕೋರ್ 47.6 ಮಿಲಿಮೀಟರ್ ಅಗಲ, ಹೆಚ್ಚುಕಡಿಮೆ ನೀರಿನ ಪೈಪಿನಷ್ಟು. ಐವತ್ತು ಮೀಟರಿಗೊಂದರಂತೆ ಚೌಕಾಕಾರವಾಗಿ ತೂತು ಹಾಕುತ್ತಾ ಹೋದರೆ, ಕಣ್ಣಿಗೆ ಬಿದ್ದ ಕಲ್ಲು ಎಷ್ಟು? ಹದಿನಾಲ್ಕು ಲಕ್ಷದಲ್ಲಿ ಒಂದು ಪಾಲು. ಉಳಿದದ್ದೆಲ್ಲ ಎರಡು ತೂತುಗಳ ನಡುವೆ ಎಳೆದ ಗೆರೆ, ಅಂದರೆ ಊಹೆ. ಅನುಭವಿಗಳ ಊಹೆ, ಕಂಪ್ಯೂಟರ್ ಮಾಡೆಲ್ ಇರುವ ಊಹೆ, ಆದರೂ ಊಹೆಯೇ.

ಆ ಕೋರನ್ನು ಉದ್ದಕ್ಕೆ ಸೀಳುತ್ತಾರೆ. ಅರ್ಧ ಪೆಟ್ಟಿಗೆಯಲ್ಲೇ ಉಳಿಯುತ್ತದೆ, ಅರ್ಧ ಲ್ಯಾಬಿಗೆ. ಒಂದು ಮೀಟರ್ ಉದ್ದದ ಅರ್ಧ ಕೋರ್ ಎರಡೂವರೆ ಕಿಲೋದಷ್ಟು ತೂಗುತ್ತದೆ. ಲ್ಯಾಬಿನಲ್ಲಿ ಅದನ್ನು ಜಜ್ಜಿ, ಪುಡಿ ಮಾಡಿ, ಅದರಿಂದ 30 ಗ್ರಾಂ ಅಥವಾ 50 ಗ್ರಾಂ ಮಾತ್ರ ಮೂಸೆಗೆ ಹಾಕುತ್ತಾರೆ. ಸೀಸದ ಆಕ್ಸೈಡಿನ ಜತೆ ಕರಗಿಸಿದರೆ ಚಿನ್ನವೆಲ್ಲ ಸೀಸದೊಳಗೆ ಸೇರಿಕೊಂಡು ತಳದಲ್ಲಿ ಗುಂಡಿಯಾಗಿ ಕೂರುತ್ತದೆ. ಮತ್ತೆ ಕಾಯಿಸಿ ಸೀಸವನ್ನು ತೆಗೆದುಹಾಕಿದರೆ ಉಳಿಯುವುದು ಕಣ್ಣಿಗೆ ಕಂಡೂ ಕಾಣದಂಥ ಒಂದು ಮಣಿ. ಟನ್ನಿಗೆ ಒಂದು ಗ್ರಾಂ ಅಂದರೆ, ಆ 30 ಗ್ರಾಂ ಪುಡಿಯಲ್ಲಿರುವ ಚಿನ್ನ ಒಂದು ಗ್ರಾಮಿನ ಲಕ್ಷದಲ್ಲಿ ಮೂರು ಪಾಲು. ಇದನ್ನು ಅಳೆಯುವವರ ಕೈಚಳಕಕ್ಕೆ ನನ್ನ ನಮಸ್ಕಾರ. ಅಳತೆ ತಪ್ಪುವುದು ಅಪರೂಪ. ತೊಂದರೆ ಇರುವುದು ಅಳತೆಗೆ ಮುಂಚೆ.

ಒಂದು ಮಿಲಿಮೀಟರ್ ಅಗಲದ ಚಿನ್ನದ ಕಾಳು, ಸಾಸಿವೆಗಿಂತ ಸಣ್ಣದು, ಹತ್ತು ಮಿಲಿಗ್ರಾಂ ತೂಗುತ್ತದೆ. ಎರಡೂವರೆ ಕಿಲೋ ಕಲ್ಲಿನಲ್ಲಿ ಆ ಒಂದೇ ಕಾಳು ಇದ್ದರೆ ನಿಜವಾದ ಗ್ರೇಡ್, ಅಂದರೆ ಕಲ್ಲಿನಲ್ಲಿರುವ ಚಿನ್ನದ ಪ್ರಮಾಣ, ಟನ್ನಿಗೆ ನಾಲ್ಕು ಗ್ರಾಂ. ಅದೇ ಕಾಳು ಸರಿಯಾಗಿ ಪುಡಿಯಾಗದೆ ಇಡಿಯಾಗಿ ಮೂಸೆಯ ಆ 30 ಗ್ರಾಂ ಪುಡಿಯೊಳಗೆ ಬಿದ್ದರೆ ಫಲಿತಾಂಶ ಟನ್ನಿಗೆ 300 ಗ್ರಾಂ ದಾಟುತ್ತದೆ. ಬೀಳದೇ ಹೋದರೆ ಸೊನ್ನೆ. ಕಲ್ಲು ಒಂದೇ, ಉತ್ತರ ಮೂರು. ಗಣಿಯವರು ಇದಕ್ಕೆ ನಗೆಟ್ ಎಫೆಕ್ಟ್ ಅನ್ನುತ್ತಾರೆ. ಇದಕ್ಕಾಗಿಯೇ ಪುಡಿಯನ್ನು ಜರಡಿ ಹಿಡಿದು ಒರಟು ಭಾಗವನ್ನು ಬೇರೆಯಾಗಿ ಪರೀಕ್ಷಿಸುವ ವಿಧಾನಗಳಿವೆ. ಒಳ್ಳೆಯ ಕಂಪನಿಗಳು ಅದನ್ನು ಮಾಡುತ್ತವೆ. ಆದರೂ ದಪ್ಪ ಕಾಳಿನ ಚಿನ್ನ ಇರುವ ಕಡೆ, 140 ಗ್ರಾಂ ಎಂಬ ಅಂಕಿಯನ್ನು ಕಂಡು ನಿದ್ದೆಗೆಡುವುದು ಎಷ್ಟು ಸರಿ ಎಂದು ಈಗ ಅನ್ನಿಸುತ್ತದೆ.

ಬ್ರೆ-ಎಕ್ಸ್ ಕಥೆ ಇಲ್ಲೇ ಬರಬೇಕು. ಇಂಡೋನೇಷ್ಯಾದ ಪೂರ್ವ ಕಾಲಿಮಂತಾನ್‌ನ ಬುಸಾಂಗ್ ಎಂಬಲ್ಲಿ ಕೆನಡಾದ ಈ ಪುಟ್ಟ ಕಂಪನಿಗೆ ಸಿಕ್ಕಿದೆ ಎಂದ ಚಿನ್ನ 1997ರ ಆರಂಭದ ಹೊತ್ತಿಗೆ ಸುಮಾರು 7.1 ಕೋಟಿ ಔನ್ಸ್‌ಗೆ (ಚಿನ್ನದ ಔನ್ಸ್ ಅಂದರೆ ಸುಮಾರು 31 ಗ್ರಾಂ) ಮುಟ್ಟಿತ್ತು. ಕಂಪನಿಯ ಬೆಲೆ 600 ಕೋಟಿ ಕೆನಡಿಯನ್ ಡಾಲರ್ ದಾಟಿತ್ತು. 1997ರ ಮಾರ್ಚ್ 19ರಂದು ಅದರ ಭೂವಿಜ್ಞಾನಿ ಮೈಕೆಲ್ ಡಿ ಗುಜ್ಮನ್ ಹೆಲಿಕಾಪ್ಟರಿನಿಂದ ಕೆಳಗೆ ಬಿದ್ದು ಸತ್ತ. ಒಂದು ವಾರಕ್ಕೆ, ಪಾಲುದಾರಿಕೆಗೆ ಬಂದು ತಾನೇ ತೂತು ಕೊರೆದು ನೋಡಿದ ಫ್ರೀಪೋರ್ಟ್ ಕಂಪನಿಗೆ ಲೆಕ್ಕಕ್ಕಿಡುವಷ್ಟು ಚಿನ್ನ ಕಂಡಿಲ್ಲ ಎಂಬುದು ಹೊರಬಿತ್ತು. ಮೇ ತಿಂಗಳಲ್ಲಿ ಸ್ಟ್ರಾತ್‌ಕೋನಾ ಎಂಬ ಸಲಹಾ ಸಂಸ್ಥೆಯ ವರದಿ ಬಂದು ಕಥೆ ಮುಗಿಯಿತು: ಕಲ್ಲಿನ ಪುಡಿಗೆ ಹೊರಗಿನಿಂದ ಚಿನ್ನ ಬೆರೆಸಲಾಗಿತ್ತು. ಬೆರೆಸಿದ ಕಾಳುಗಳ ಅಂಚು ನುಣುಪಾಗಿತ್ತು, ನದಿಯಲ್ಲಿ ಉರುಳಿ ಬಂದ ಚಿನ್ನದ ಹಾಗೆ. ಬಂಡೆಯೊಳಗಿನ ಚಿನ್ನಕ್ಕೆ ಆ ನುಣುಪು ಎಲ್ಲಿಂದ ಬರಬೇಕು?

ನನ್ನನ್ನು ಕಾಡುವ ವಿವರ ಇನ್ನೊಂದು. ಬುಸಾಂಗ್‌ನಲ್ಲಿ ಕೋರನ್ನು ಸೀಳಿ ಅರ್ಧ ಉಳಿಸಿಕೊಳ್ಳುವ ಪದ್ಧತಿಯನ್ನೇ ಬಿಟ್ಟಿದ್ದರು, ಹೆಚ್ಚುಕಡಿಮೆ ಪೂರ್ತಿ ಕೋರನ್ನೇ ಪುಡಿ ಮಾಡಿಸುತ್ತಿದ್ದರು. ಕೇಳಿದವರಿಗೆ ಕೊಟ್ಟ ಕಾರಣ, ನಗೆಟ್ ಎಫೆಕ್ಟ್. ದೊಡ್ಡ ಮಾದರಿ ಇದ್ದಷ್ಟೂ ಫಲಿತಾಂಶ ನಿಖರ ಎಂಬುದು ಶುದ್ಧ ವಿಜ್ಞಾನ, ತಕರಾರು ತೆಗೆಯುವುದಕ್ಕೇ ಬರುವುದಿಲ್ಲ. ಆದರೆ ಮರುಪರೀಕ್ಷೆಗೆ ಸಾಕಾಗುವಷ್ಟು ಕಲ್ಲೇ ಉಳಿಯಲಿಲ್ಲ. ದೊಡ್ಡ ದೊಡ್ಡ ಪಿಂಚಣಿ ನಿಧಿಗಳೂ ಅದರಲ್ಲಿ ಹಣ ಹಾಕಿದ್ದವು. ಕೊನೆಗೆ ಯಾರಿಗೂ ಶಿಕ್ಷೆಯಾಗಲಿಲ್ಲ. ಮುಖ್ಯ ಭೂವಿಜ್ಞಾನಿ ಜಾನ್ ಫೆಲ್ಡರ್‌ಹಾಫ್ 2007ರಲ್ಲಿ ಖುಲಾಸೆಯಾದ. ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ 2001ರಲ್ಲಿ ಕೆನಡಾದಲ್ಲಿ ಎನ್‌ಐ 43-101 ಎಂಬ ನಿಯಮ ಬಂತು. ಅರ್ಹ ತಜ್ಞರೊಬ್ಬರು ಹೆಸರು ಹಾಕಿ ಹೊಣೆ ಹೊರದೆ ಯಾವ ಕಂಪನಿಯೂ ತನ್ನ ನೆಲದಲ್ಲಿ ಇಷ್ಟು ಚಿನ್ನವಿದೆ ಎನ್ನುವಂತಿಲ್ಲ. ಆಸ್ಟ್ರೇಲಿಯಾದ ಜಾರ್ಕ್ ಸಂಹಿತೆಯೂ ಇದೇ ಜಾಡಿನದು.

ಹಾಗಾದರೆ ಈಗ ಧೈರ್ಯವಾಗಿ ಕೊಳ್ಳಬಹುದೇ? ನಾನೂ ಹಾಗೇ ಅಂದುಕೊಂಡಿದ್ದೆ. ತಜ್ಞರ ಸಹಿ ಇದೆಯಲ್ಲ.

ಕೆನಡಾದ ಒಂಟಾರಿಯೋದಲ್ಲಿ ರೆಡ್ ಲೇಕ್ ಎಂಬ ಜಾಗವಿದೆ, ಚಿನ್ನಕ್ಕೆ ಜಗತ್ತಿನಲ್ಲೇ ಹೆಸರಾದ ನೆಲ. ಅಲ್ಲಿ ರೂಬಿಕಾನ್ ಎಂಬ ಕಂಪನಿ ತನ್ನ ಫೀನಿಕ್ಸ್ ಯೋಜನೆಯಲ್ಲಿ 33 ಲಕ್ಷ ಔನ್ಸ್ ಚಿನ್ನವಿದೆ ಎಂದು ನಿಯಮಬದ್ಧವಾಗಿ ಅಂದಾಜು ಮಾಡಿಸಿತು. ಸುರಂಗ ತೋಡಿದರು, ಅದಿರು ಅರೆಯುವ ಗಿರಣಿ ಕಟ್ಟಿದರು. ಒಳಗೆ ಹೋಗಿ ಹತ್ತಿರ ಹತ್ತಿರ ತೂತು ಹಾಕಿ ನೋಡಿದಾಗ, ಎರಡು ತೂತುಗಳ ನಡುವೆ ಎಳೆದಿದ್ದ ಗೆರೆಗಳು ಕಲ್ಲಿನಲ್ಲಿ ಇರಲೇ ಇಲ್ಲ. 2016ರ ಜನವರಿಯಲ್ಲಿ ಬಂದ ಹೊಸ ಅಂದಾಜು ನಾಲ್ಕು ಲಕ್ಷ ಔನ್ಸ್‌ನ ಆಸುಪಾಸು. ಯಾರೂ ಪುಡಿಗೆ ಏನನ್ನೂ ಬೆರೆಸಿರಲಿಲ್ಲ. ಬೆಟ್ಟ ಅಗೆದು ಇಲಿ ಹಿಡಿದರು ಅನ್ನುತ್ತೇವಲ್ಲ, ಇಲ್ಲಿ ಅಗೆತದ ಖರ್ಚು ಶೇರುದಾರರದು.

ಇದಕ್ಕೆ ತದ್ವಿರುದ್ಧವಾದದ್ದೂ ಆಗಿದೆ, ಅದಕ್ಕೇ ಈ ಆಟದಲ್ಲಿ ಬುದ್ಧಿವಂತಿಕೆ ತೋರಿಸುವುದು ಕಷ್ಟ. ಬ್ರಿಟಿಷ್ ಕೊಲಂಬಿಯಾದ ಬ್ರೂಸ್‌ಜಾಕ್‌ನಲ್ಲಿ ಪ್ರೀಟಿಯಂ ಎಂಬ ಕಂಪನಿ 2013ರಲ್ಲಿ ಹತ್ತು ಸಾವಿರ ಟನ್ ಕಲ್ಲನ್ನು ತೆಗೆದು ಗಿರಣಿಗೆ ಹಾಕಿ ಪರೀಕ್ಷಿಸಲು ಹೊರಟಿತು. ಪರೀಕ್ಷೆಯ ಮೇಲ್ವಿಚಾರಣೆಗೆ ಇದ್ದದ್ದು ಅದೇ ಸ್ಟ್ರಾತ್‌ಕೋನಾ. ನಡುವೆಯೇ ಅವರು ರಾಜೀನಾಮೆ ಕೊಟ್ಟು, ಇಲ್ಲಿ ನಂಬಬಹುದಾದ ಚಿನ್ನದ ನಿಕ್ಷೇಪವೇ ಇಲ್ಲ ಎಂದು ಹೊರನಡೆದರು. ಬ್ರೆ-ಎಕ್ಸ್ ಬಯಲಿಗೆಳೆದವರೇ ಹಾಗೆ ಅಂದ ಮೇಲೆ ಶೇರು ಮಕಾಡೆ ಮಲಗಿತು. ಕೆಲವೇ ವಾರಗಳಲ್ಲಿ ಗಿರಣಿಯ ಫಲಿತಾಂಶ ಬಂದಾಗ ನಿರೀಕ್ಷಿಸಿದ್ದ 4,000 ಔನ್ಸ್‌ಗಿಂತ ಹೆಚ್ಚೇ ಚಿನ್ನ ಸಿಕ್ಕಿತ್ತು. 2017ರಲ್ಲಿ ಗಣಿ ಶುರುವಾಯಿತು, 2022ರಲ್ಲಿ ನ್ಯೂಕ್ರೆಸ್ಟ್ ಅದನ್ನು ಕೊಂಡಿತು. ಹಾಗಂತ ಸ್ಟ್ರಾತ್‌ಕೋನಾದವರು ಹುಚ್ಚರೇನಲ್ಲ. ಗಣಿ ತೆರೆದ ಮೇಲೂ ಗ್ರೇಡ್ ಲೆಕ್ಕಕ್ಕಿಂತ ಕಡಿಮೆ ಬಂದು ಶೇರುದಾರರ ಎದೆ ನಡುಗಿಸಿದ ಕಾಲ ಇತ್ತು. ಜೀವಮಾನವಿಡೀ ಕಲ್ಲು ನೋಡಿದ ಎರಡು ತಜ್ಞರ ಗುಂಪುಗಳು ಒಂದೇ ಬಂಡೆಯ ಬಗ್ಗೆ ಹೀಗೆ ಕಿತ್ತಾಡುವಾಗ, ಹಾಸಿಗೆಯಲ್ಲಿ ಮಲಗಿ ಫೋನು ನೋಡುವವನ ಅಭಿಪ್ರಾಯಕ್ಕೆ ಏನು ಬೆಲೆ?

ಇನ್ನು ಶೇರಿನ ಲೆಕ್ಕ. ನನ್ನನ್ನು ಮುಳುಗಿಸಿದ್ದು ಮುಖ್ಯವಾಗಿ ಇದೇ.

ಅಂಗಡಿ ಅಂದ ಮೇಲೆ ಏನನ್ನಾದರೂ ಮಾರಬೇಕು. ಚಿನ್ನ ಹುಡುಕುವ ಕಂಪನಿಗೆ ಮಾರಲು ಚಿನ್ನ ಇಲ್ಲ, ಎಷ್ಟೋ ವರ್ಷ ಇರುವುದೂ ಇಲ್ಲ. ಆದಾಯ ಸೊನ್ನೆ. ಡ್ರಿಲ್ ಯಂತ್ರಕ್ಕೆ, ಲ್ಯಾಬಿಗೆ, ಕಚೇರಿಗೆ, ನಿರ್ದೇಶಕರ ಸಂಬಳಕ್ಕೆ, ಹೂಡಿಕೆದಾರರ ಸಮಾವೇಶಗಳ ಮಳಿಗೆ ಬಾಡಿಗೆಗೆ ಹಣ ಬೇಕು. ಹಾಗಾಗಿ ಅದು ಶೇರು ಮಾರುತ್ತದೆ. ಮುಗಿದರೆ ಮತ್ತೆ ಮಾರುತ್ತದೆ. ನಾನು ಕೊಂಡಾಗ ನನ್ನ ಕಂಪನಿಯಲ್ಲಿ ಒಟ್ಟು 6 ಕೋಟಿ ಶೇರುಗಳಿದ್ದವು. ಮೂರು ವರ್ಷದಲ್ಲಿ 19 ಕೋಟಿ ಆದವು. ನೆಲದೊಳಗೆ ಏನಿತ್ತೋ ಅದೇ ಇತ್ತು. ಅದರಲ್ಲಿ ನನ್ನ ಪಾಲು ಮಾತ್ರ ಮೂರರಲ್ಲಿ ಒಂದಕ್ಕಿಂತ ಕೆಳಗಿಳಿಯಿತು. ಚಿನ್ನ ಸಿಕ್ಕಿದ್ದರೂ, ಸಿಕ್ಕ ಚಿನ್ನ ನಾನು ಎಣಿಸಿದ್ದರ ಮೂರು ಪಟ್ಟಿಗೂ ಹೆಚ್ಚಾಗಿದ್ದರೆ ಮಾತ್ರ ನಾನು ಕೊಂಡ ಬೆಲೆಗೆ ವಾಪಸು ಬರುತ್ತಿದ್ದೆ.

ಶೇರು ಮಾರುವ ರೀತಿಯಲ್ಲೂ ಒಂದು ಮರ್ಮವಿದೆ. ಇವು ಬಹುಪಾಲು ಪ್ರೈವೇಟ್ ಪ್ಲೇಸ್‌ಮೆಂಟ್‌ಗಳು. ಪೇಟೆಯ ಬೆಲೆಗಿಂತ ಕೊಂಚ ಕಡಿಮೆಗೆ ಆಯ್ದ ಹೂಡಿಕೆದಾರರಿಗೆ ಕೊಡುತ್ತಾರೆ, ಜತೆಗೆ ಪ್ರತಿ ಶೇರಿಗೆ ಒಂದು ಅಥವಾ ಅರ್ಧ ವಾರಂಟ್. ವಾರಂಟ್ ಅಂದರೆ ಮುಂದಿನ ಎರಡು ಮೂರು ವರ್ಷದೊಳಗೆ ಇಂತಿಷ್ಟು ಬೆಲೆಗೆ ಇನ್ನೊಂದು ಶೇರು ಕೊಳ್ಳುವ ಹಕ್ಕು. ಕೆನಡಾದಲ್ಲಿ ಇಂಥ ಶೇರನ್ನು ಸಾಮಾನ್ಯವಾಗಿ ನಾಲ್ಕು ತಿಂಗಳು ಮಾರುವಂತಿಲ್ಲ. ನಾಲ್ಕು ತಿಂಗಳು ಮುಗಿದ ಮರುದಿನ ಅವರು ಶೇರು ಮಾರಿ ಅಸಲು ವಾಪಸು ಪಡೆದು, ವಾರಂಟನ್ನು ಬಿಟ್ಟಿಯಾಗಿ ಇಟ್ಟುಕೊಂಡು ಕೂರಬಹುದು. ಆ ದಿನ ಅವರ ಶೇರು ಕೊಳ್ಳುವವರು ಯಾರು? "ಅಯ್ಯೋ, ಒಳ್ಳೆ ಸುದ್ದಿ ಬಂದರೂ ಯಾಕೆ ಬೀಳ್ತಿದೆ, ಇನ್ನಷ್ಟು ಕೊಳ್ಳೋಣ" ಅಂದುಕೊಳ್ಳುವ ನನ್ನಂಥವರು. ಪ್ಲೇಸ್‌ಮೆಂಟ್ ಆದ ತಾರೀಖು ಪ್ರಕಟಣೆಯಲ್ಲೇ ಇರುತ್ತದೆ. ಕ್ಯಾಲೆಂಡರಿನಲ್ಲಿ ಗುರುತು ಹಾಕುವ ಕೆಲಸ ಅಷ್ಟೆ. ಮೂರು ವರ್ಷ ನಾನದನ್ನು ಮಾಡಲಿಲ್ಲ.

ಅದಲ್ಲದೆ ಮಾರಲು ಹೋದಾಗ ಕೊಳ್ಳುವವರು ಇರಬೇಕಲ್ಲ. ಪರದೆಯ ಮೇಲೆ ಕಾಣುವ ಬೆಲೆ ಕೊನೆಯ ವ್ಯಾಪಾರದ್ದು. ಅದು ನಿನ್ನೆಯದೂ ಇರಬಹುದು. ಕೊಳ್ಳುವವರು 20 ಸೆಂಟ್ ಅನ್ನುತ್ತಾರೆ, ಮಾರುವವರು 24. ಆ ನಾಲ್ಕು ಸೆಂಟಿನಲ್ಲೇ ಬಂಡವಾಳದ ಆರನೇ ಒಂದು ಪಾಲು ಹೋಯಿತು, ಇನ್ನೂ ಏನೂ ಆಗುವ ಮುಂಚೆಯೇ.

ನನ್ನ ಶೇರು ಮೊದಲ ಆರು ತಿಂಗಳಲ್ಲಿ ದುಪ್ಪಟ್ಟಾಗಿತ್ತು ಎಂದರೆ ನಂಬುತ್ತೀರಾ? ಆಗ ಮಾರಲಿಲ್ಲ. ದುಪ್ಪಟ್ಟಾದದ್ದು ನನ್ನ ಜಾಣತನಕ್ಕೆ ಸಿಕ್ಕ ಪ್ರಮಾಣಪತ್ರ ಎಂದುಕೊಂಡು ಇನ್ನಷ್ಟು ಕೊಂಡೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಎಂದರೇನು ಎಂಬುದಕ್ಕೆ ಆ ದಿನಗಳ ನನ್ನ ಡೈರಿ ಸಾಕ್ಷಿ: ಇಷ್ಟು ಔನ್ಸ್ ಸಿಕ್ಕರೆ, ಔನ್ಸಿಗೆ ಇಷ್ಟು ಡಾಲರ್ ಕೊಟ್ಟು ದೊಡ್ಡ ಕಂಪನಿ ಕೊಂಡರೆ, ನನ್ನ ಪಾಲಿಗೆ ಎಷ್ಟು. ಶೇರುಗಳ ಸಂಖ್ಯೆ ಮಾತ್ರ ಎಲ್ಲ ಪುಟದಲ್ಲೂ 6 ಕೋಟಿಯೇ.

ಫ್ರಾಂಕೊ-ನೆವಾಡಾ ಎಂಬ ಕೆನಡಾದ ಕಂಪನಿಯನ್ನು ಕಟ್ಟಿದವರಲ್ಲಿ ಒಬ್ಬರಾದ ಪಿಯರ್ ಲಾಸೋಂಡ್ ಹೆಸರಿನಲ್ಲಿ ಒಂದು ಗೆರೆಚಿತ್ರ ಪ್ರಸಿದ್ಧವಾಗಿದೆ. ಗಣಿ ಶೇರಿನ ಬದುಕು ಅದರಲ್ಲಿದೆ: ಚಿನ್ನ ಸಿಕ್ಕಿತು ಎಂದ ಕೂಡಲೇ ಬೆಲೆ ಗೋಪುರದಂತೆ ಏರುತ್ತದೆ, ಆಮೇಲೆ ಅಧ್ಯಯನ, ಪರವಾನಗಿ, ಸಾಲ, ರಸ್ತೆ, ವಿದ್ಯುತ್ತು ಎಂದು ವರ್ಷಗಟ್ಟಲೆ ಕಣಿವೆ, ಉತ್ಪಾದನೆ ಹತ್ತಿರವಾದಾಗ ಮತ್ತೆ ಏರಿಕೆ. ಆ ಗೆರೆಯ ಮೇಲೆ ನಾನು ಕೊಂಡ ದಿನವನ್ನು ಗುರುತಿಸಿದರೆ ಗೋಪುರದ ಕಳಶದ ಹತ್ತಿರ ಬರುತ್ತದೆ. ಮಜಾ ಅಂದರೆ ಅವರ ಕಂಪನಿ ಹಣ ಮಾಡಿದ್ದು ಹೀಗೆ ತೂತು ಕೊರೆದಲ್ಲ. 1980ರ ದಶಕದ ನಡುವಿನಲ್ಲಿ ನೆವಾಡಾದ ಗೋಲ್ಡ್‌ಸ್ಟ್ರೈಕ್ ಎಂಬಲ್ಲಿ 20 ಲಕ್ಷ ಡಾಲರಿಗೆ ಒಂದು ರಾಯಲ್ಟಿ ಕೊಂಡು, ಬೇರೆಯವರು ಅಗೆದ ಚಿನ್ನದಲ್ಲಿ ಪಾಲು ತೆಗೆದುಕೊಳ್ಳುತ್ತಾ ಕೂತರು.

ಗೆಳೆಯ ಮತ್ತೆ ಮತ್ತೆ ಹೇಳುವ ಇನ್ನೊಂದು ಅಪಾಯವಿದೆ, ನನಗೆ ಅದು ಬಹಳ ಕಾಲ ಅರ್ಥವಾಗಿರಲಿಲ್ಲ. ಎಲ್ಲವೂ ನಿಜವಾದರೆ? ಚಿನ್ನ ಇದೆ, ದಪ್ಪ ಇದೆ, ಗ್ರೇಡ್ ಇದೆ. ಆಮೇಲೆ?

2006ರಲ್ಲಿ ಈಕ್ವೆಡಾರಿನ ಆಗ್ನೇಯದ ಕಾಡಿನಲ್ಲಿ ಔರೇಲಿಯನ್ ಎಂಬ ಪುಟ್ಟ ಕಂಪನಿಗೆ ಫ್ರೂಟಾ ಡೆಲ್ ನೋರ್ಟೆ ಸಿಕ್ಕಿತು. 1.37 ಕೋಟಿ ಔನ್ಸ್ ಎಂದು 2007ರಲ್ಲಿ ಅಂದಾಜು. ಒಂದಿಷ್ಟೂ ಬೂಸಿ ಇಲ್ಲದ, ಆ ಕಾಲದ ಅತಿ ದೊಡ್ಡ ಶೋಧಗಳಲ್ಲಿ ಒಂದು. 2008ರ ಏಪ್ರಿಲ್‌ನಲ್ಲಿ ಆ ದೇಶ ಹೊಸ ಗಣಿ ಕಾನೂನು ಬರುವವರೆಗೆ ಶೋಧಕಾರ್ಯವನ್ನೇ ನಿಲ್ಲಿಸಿಬಿಟ್ಟಿತು. ಶೇರು ಕುಸಿಯಿತು. ಕುಸಿದ ಮೇಲೆ ಕಿನ್‌ರಾಸ್ ಎಂಬ ದೊಡ್ಡ ಕಂಪನಿ 120 ಕೋಟಿ ಕೆನಡಿಯನ್ ಡಾಲರ್ ಮೌಲ್ಯದ ತನ್ನದೇ ಶೇರು ಕೊಟ್ಟು ಇಡೀ ಕಂಪನಿಯನ್ನು ಕೊಂಡಿತು. ಜಾಣ ವ್ಯಾಪಾರ ಅನ್ನಿಸುತ್ತದೆ, ಅಲ್ಲವೇ? ಅನಿರೀಕ್ಷಿತ ಲಾಭದ ಮೇಲೆ ಶೇಕಡಾ 70 ತೆರಿಗೆಯ ವಿಷಯದಲ್ಲಿ ಸರಕಾರದ ಜತೆ ಹೊಂದಿಕೆಯಾಗದೆ 2013ರಲ್ಲಿ ಕಿನ್‌ರಾಸ್ ಕೈಬಿಟ್ಟಿತು, 2014ರಲ್ಲಿ 24 ಕೋಟಿ ಅಮೆರಿಕನ್ ಡಾಲರಿಗೆ ಮಾರಿತು. ಕೊಂಡದ್ದು ಈಗಿನ ಲುಂಡಿನ್ ಗೋಲ್ಡ್. 2019ರಲ್ಲಿ ಮೊದಲ ಚಿನ್ನ ಬಂತು, ಈಗ ಅದು ಸೊಗಸಾಗಿ ನಡೆಯುವ ಗಣಿ. ಹದಿಮೂರು ವರ್ಷ ಆ ಚಿನ್ನ ಇದ್ದಲ್ಲೇ ಇತ್ತು, ಒಂದು ಗ್ರಾಂ ಹೆಚ್ಚಲಿಲ್ಲ ಕಡಿಮೆಯಾಗಲಿಲ್ಲ. ಯಾವ ವರ್ಷ ಯಾರ ಕೈಯಲ್ಲಿತ್ತು ಎಂಬುದರ ಮೇಲೆ ಒಬ್ಬರು ಗೆದ್ದರು, ಒಬ್ಬರು ಸೋತರು.

ರುಮೇನಿಯಾದ ರೋಷಿಯಾ ಮೊಂಟಾನಾದಲ್ಲಿ ಅಷ್ಟೂ ಆಗಲಿಲ್ಲ. ಗೇಬ್ರಿಯಲ್ ರಿಸೋರ್ಸಸ್ ದಶಕಗಳ ಕಾಲ ಕಾದು ಕೂತ ಚಿನ್ನ ಅಲ್ಲಿ ಇರುವುದೇನೋ ನಿಜ. ಬೀದಿಯಲ್ಲಿ ಜನ ಪ್ರತಿಭಟಿಸಿದರು, 2014ರಲ್ಲಿ ಸಂಸತ್ತು ಅನುಮತಿಯ ಮಸೂದೆಯನ್ನು ತಿರಸ್ಕರಿಸಿತು, 2021ರಲ್ಲಿ ಆ ಜಾಗ ಯುನೆಸ್ಕೋ ವಿಶ್ವ ಪರಂಪರೆಯ ತಾಣವಾಯಿತು, 2024ರಲ್ಲಿ ಅಂತರರಾಷ್ಟ್ರೀಯ ಪಂಚಾಯ್ತಿಯಲ್ಲೂ ಕಂಪನಿ ಸೋತಿತು. ಹಳೆಯ ರೋಮನ್ ಸುರಂಗಗಳಿರುವ ಆ ಬೆಟ್ಟ ಉಳಿದದ್ದು ನನಗೆ ಖುಷಿಯೇ. ಆದರೆ ಆ ಶೇರು ಇದ್ದಿದ್ದರೆ ಖುಷಿ ಪಡುತ್ತಿದ್ದೆನೇ, ಪ್ರಾಮಾಣಿಕವಾಗಿ ಹೇಳುವುದು ಕಷ್ಟ.

ಇಷ್ಟೆಲ್ಲ ಗೊತ್ತಿದ್ದೂ ಜನ ಯಾಕೆ ಕೊಳ್ಳುತ್ತಾರೆ ಎಂದರೆ, 109 ಎಂಬ ಸಂಖ್ಯೆ ಇದೆಯಲ್ಲ, ಅದಕ್ಕೆ. ಬ್ರಿಟಿಷ್ ಕೊಲಂಬಿಯಾದ ಎಸ್ಕೇ ಕ್ರೀಕ್‌ನಲ್ಲಿ 1932ರಿಂದ ಒಂದರ ಹಿಂದೊಂದು ಕಂಪನಿ ಬಂದು ಹುಡುಕಿ ಕೈಚೆಲ್ಲಿ ಹೋಗಿತ್ತು. 1989ರಲ್ಲಿ ಕೊರೆದ 109ನೇ ತೂತು ಇನ್ನೂರು ಮೀಟರಿಗೂ ಹೆಚ್ಚು ಉದ್ದಕ್ಕೆ ಟನ್ನಿಗೆ 27 ಗ್ರಾಂ ಚಿನ್ನ ತೋರಿಸಿತು. ಚಿಲ್ಲರೆ ಕಾಸಿನ ಶೇರುಗಳ ಬೆಲೆ ಗಗನಕ್ಕೆ ಹಾರಿತು. ಒಂಟಾರಿಯೋದ ಹೆಮ್ಲೋದಲ್ಲಿ 1981ರಲ್ಲಿ ಅದೃಷ್ಟ ತೆರೆದದ್ದು 76ನೇ ತೂತಿನಲ್ಲಿ. ಈ ಕಥೆಗಳನ್ನು ಹೂಡಿಕೆದಾರರ ಸಮಾವೇಶಗಳಲ್ಲಿ ಪುರಾಣದಂತೆ ಹೇಳುತ್ತಾರೆ, ತಾಳ್ಮೆ ಇರಬೇಕು ಎನ್ನುವುದಕ್ಕೆ. ನಾನು ಆ ಕಥೆಯನ್ನು ಈಗ ಬೇರೆ ಕಡೆಯಿಂದ ನೋಡುತ್ತೇನೆ. ಎಂಬತ್ತನೇ ತೂತಿನ ಹೊತ್ತಿಗೆ ಬೇಸತ್ತು ಮಾರಿದವನು ಮೂರ್ಖನೇ? ಆವತ್ತು ಅವನ ಕೈಯಲ್ಲಿದ್ದ ಮಾಹಿತಿಗೆ ಅವನು ಮಾಡಿದ್ದೇ ಸರಿ. 110, 150, 200 ತೂತು ಹಾಕಿಯೂ ಏನೂ ಸಿಗದ ಜಾಗಗಳಿಗೆ ಹೆಸರೂ ಇಲ್ಲ, ಪುರಾಣವೂ ಇಲ್ಲ.

"ಹತ್ತು ಕಂಪನಿ ಕೊಂಡುಬಿಡು, ಒಂದು ಹಿಡಿದರೆ ಸಾಕು" ಎಂಬ ಸಲಹೆಯನ್ನೂ ಕೇಳಿದ್ದೇನೆ, ಪಾಲಿಸಿದ್ದೇನೆ. ಅದರ ಹುಳುಕು ಹೀಗೆ: ಒಂಬತ್ತು ಸಾಯುವಾಗ ನಾವು ಕೊನೆಯವರೆಗೆ ಜತೆಗಿರುತ್ತೇವೆ, ಹಿಡಿದ ಒಂದನ್ನು ಮಾತ್ರ ದುಪ್ಪಟ್ಟಾದ ಕೂಡಲೇ ಮಾರಿ ಬಿಡುತ್ತೇವೆ. ಗಣಿತ ಕೆಲಸ ಮಾಡಬೇಕಾದರೆ ಇದಕ್ಕೆ ಉಲ್ಟಾ ನಡೆಯಬೇಕು. ಇನ್ನೂ ಒಂದು, ಈ ಹತ್ತೂ ಒಟ್ಟಿಗೇ ಮುಳುಗುತ್ತವೆ. ಚಿನ್ನದ ಬೆಲೆ 2011ರ ಸೆಪ್ಟೆಂಬರ್‌ನಲ್ಲಿ ಔನ್ಸಿಗೆ 1,900 ಡಾಲರ್ ಮುಟ್ಟಿ 2015ರ ಕೊನೆಗೆ 1,050ರ ಆಸುಪಾಸಿಗೆ ಬಂದಾಗ ಇಳಿದದ್ದು ಅರ್ಧಕ್ಕಿಂತ ಕಡಿಮೆ. ಇಂಥ ಪುಟ್ಟ ಕಂಪನಿಗಳೇ ತುಂಬಿರುವ ಕೆನಡಾದ ಟಿಎಸ್‌ಎಕ್ಸ್ ವೆಂಚರ್ ಸೂಚ್ಯಂಕ 2011ರಲ್ಲಿ 2,400ರ ಆಸುಪಾಸಿನಲ್ಲಿದ್ದದ್ದು 2016ರ ಆರಂಭಕ್ಕೆ 500ಕ್ಕಿಂತ ಕೆಳಗಿತ್ತು. ಚಿನ್ನ ಸುರಕ್ಷಿತ ಎಂಬ ನಂಬಿಕೆಯನ್ನು ಈ ಶೇರುಗಳಿಗೂ ಅಂಟಿಸಿಕೊಂಡಿದ್ದು ನನ್ನ ಮೊದಲ ತಪ್ಪು. ಚಿನ್ನ ಅಂದರೆ ಕಪಾಟಿನಲ್ಲಿರುವ ಲೋಹ. ಈ ಶೇರು ಅಂದರೆ ಯಾವುದೋ ಕಾಡಿನಲ್ಲಿ ಬಾಡಿಗೆಗೆ ನಿಂತ ಡ್ರಿಲ್ ಯಂತ್ರ, ಅದರ ಡೀಸೆಲ್ ಬಿಲ್ಲು.

ಪೂರ್ತಿ ಬಿಟ್ಟಿಲ್ಲ. ಬಿಟ್ಟಿದ್ದೇನೆ ಎಂದು ಬರೆದರೆ ಗೆಳೆಯ ನಗುತ್ತಾನೆ. ಈಗ ಹಾಕುವುದು ಕೊಂಡ ದಿನವೇ ಹೋಯಿತು ಎಂದು ಲೆಕ್ಕದಿಂದ ತೆಗೆದುಬಿಡುವಷ್ಟು ಹಣ ಮಾತ್ರ. ಪ್ರಕಟಣೆ ಓದುವ ಮುಂಚೆ ಆಯವ್ಯಯ ಪಟ್ಟಿ ನೋಡುತ್ತೇನೆ. ಕೆನಡಾದ ಕಂಪನಿಗಳದ್ದು ಸೆಡಾರ್ ಪ್ಲಸ್ ಎಂಬ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಕೈಯಲ್ಲಿ ಎಷ್ಟು ಹಣವಿದೆ, ತಿಂಗಳಿಗೆ ಎಷ್ಟು ಖರ್ಚಾಗುತ್ತಿದೆ, ಭಾಗಿಸಿದರೆ ಎಷ್ಟು ತಿಂಗಳು. ಆರು ತಿಂಗಳು ಅಂತ ಬಂದರೆ ನಾಲ್ಕನೇ ತಿಂಗಳಿಗೆ ಹೊಸ ಶೇರು ಬರುತ್ತದೆ ಎಂದೇ ಅರ್ಥ, ಆಗ ಕೊಂಡರಾಯಿತು. ಖರ್ಚಿನಲ್ಲಿ ನೆಲಕ್ಕೆ ಹೋದದ್ದೆಷ್ಟು, ಪ್ರಚಾರಕ್ಕೆ ಹೋದದ್ದೆಷ್ಟು ಎಂಬುದೂ ಅಲ್ಲೇ ಇರುತ್ತದೆ. ಹೊಗಳಿ ಬರೆದ ಲೇಖನ ಕಂಡರೆ ನೇರ ಕೆಳಗಿನ ಸಣ್ಣ ಅಕ್ಷರಕ್ಕೆ ಹೋಗುತ್ತೇನೆ. ಬರೆದವರಿಗೆ ಕಂಪನಿಯೇ ಹಣ ಕೊಟ್ಟಿರುವುದನ್ನು ಅಲ್ಲಿ ಎಷ್ಟು ಸಲ ಒಪ್ಪಿಕೊಂಡಿರುತ್ತಾರೆ ಎಂದರೆ, ಮೇಲಿನ ಲೇಖನ ಓದುವ ಶ್ರಮವೇ ಉಳಿಯುತ್ತದೆ. ನಿರ್ದೇಶಕರು ಸ್ವಂತ ದುಡ್ಡಿನಿಂದ ಕೊಂಡ ಶೇರೆಷ್ಟು, ಬಿಟ್ಟಿ ಆಪ್ಷನ್‌ನಿಂದ (ಕಂಪನಿಯೇ ಅವರಿಗೆ ಕೊಟ್ಟ ಶೇರು ಕೊಳ್ಳುವ ಹಕ್ಕಿನಿಂದ) ಬಂದದ್ದೆಷ್ಟು ಎಂದು ಬೇರೆ ಬೇರೆಯಾಗಿ ಬರೆದುಕೊಳ್ಳುತ್ತೇನೆ. ದುಪ್ಪಟ್ಟಾದರೆ ಅರ್ಧ ಮಾರುತ್ತೇನೆ. ಈ ಕೊನೆಯದನ್ನು ಇದುವರೆಗೆ ಒಂದೇ ಸಲ ಮಾಡುವ ಭಾಗ್ಯ ಬಂದಿದೆ.

ಆ ಮೊದಲ ಕಂಪನಿ ಇನ್ನೂ ನನ್ನ ಖಾತೆಯಲ್ಲಿದೆ. ಹತ್ತು ಶೇರಿಗೆ ಒಂದರಂತೆ ಕೂಡಿಸಿದರು, ಹೆಸರು ಬದಲಿಸಿದರು, ಈಗ ಚಿನ್ನ ಬಿಟ್ಟು ಬ್ಯಾಟರಿಗೆ ಬೇಕಾದ ಲೋಹ ಹುಡುಕುತ್ತಿದ್ದಾರೆ. ಹಾಕಿದ ಹಣದಲ್ಲಿ ಹತ್ತನೇ ಒಂದು ಪಾಲೂ ಉಳಿದಿಲ್ಲ. ಮಾರಿದರೆ ಬ್ರೋಕರ್ ಶುಲ್ಕ ಹೋಗಿ ಕೈಗೆ ಬರುವುದು ಅಷ್ಟಕ್ಕಷ್ಟೇ ಎಂದು ಹಾಗೇ ಬಿಟ್ಟಿದ್ದೇನೆ. ಮೊನ್ನೆ ಅವರದೊಂದು ಪ್ರಕಟಣೆ ಬಂತು, ಹೊಸ ಜಾಗದ ಮೊದಲ ಡ್ರಿಲ್ ಫಲಿತಾಂಶ, ಉದ್ದ ಇಷ್ಟು, ಅದರಲ್ಲಿ ಇಷ್ಟು ಮೀಟರ್ ಇಷ್ಟು. ಎದ್ದು ಹೋಗಿ ಪೆನ್ನು ತಂದೆ. ಉಳಿದ ಮೀಟರ್‌ಗಳ ಲೆಕ್ಕ ಹಾಕಿ ಗೆಳೆಯನಿಗೆ ಕಳಿಸಿದೆ. ಅವನು ಉತ್ತರ ಬರೆದ: "ಗುಣಾಕಾರ ಸರಿ ಇದೆ. ಶೇರು ಎಷ್ಟಾಗಿವೆ ಈಗ?"